ಬೋರ್ಡಣ್ಣ ಇಳಿದ ಗುಂಡಿ

ಅವನ ಮುಖಕ್ಕೆ ಇನ್ನೊಬ್ಬರು ಪೌಡರ್ ಬಳಿದದ್ದು ಜೀವನದಲ್ಲಿ ಎರಡೇ ಸಲ. ಮದುವೆಯ ದಿನ ಅತ್ತಿಗೆ ಬಳಿದಿದ್ದರು. ಆಮೇಲೆ ಕಂಪನಿಯವರು ಬಳಿದರು. ಎರಡು ಸಲವೂ ಯಾಕೆ ಏನು ಅಂತ ಕೇಳದೆ ಮುಖ ಒಡ್ಡಿದ. ಎರಡು ಸಲವೂ ಕೆಟ್ಟೆ ಅಂತ ತಾನೇ ಹೇಳಿಕೊಂಡು ನಗುತ್ತಿದ್ದ. ಹೆಂಡತಿ ಹತ್ತಿರ ಇಲ್ಲದಾಗ ಮಾತ್ರ.

ಅವನ ಕೆಲಸ ಚರಂಡಿ ಗುಂಡಿಗೆ ಇಳಿಯುವುದು. ಊರಿನ ಮೇಲ್ಭಾಗ ದಿಬ್ಬ. ಅಲ್ಲಿ ಕಾಂಪೌಂಡಿನ ಮನೆಗಳು, ಪಾರ್ಕು, ಕ್ಲಬ್ಬು. ಕೆಳಭಾಗ ತಗ್ಗು. ಅಲ್ಲಿ ಅವನಂಥವರು. ದಿಬ್ಬದವರು ಉಂಡದ್ದು, ತೊಳೆದದ್ದು, ಬೇಡ ಅಂತ ಬಿಟ್ಟದ್ದು ಎಲ್ಲ ನೆಲದಡಿಯಲ್ಲಿ ಹರಿದು ತಗ್ಗಿಗೇ ಬರಬೇಕು. ನಡುವೆ ಎಲ್ಲಾದರೂ ಕಟ್ಟಿಕೊಂಡರೆ ಅವನಿಗೆ ಕರೆ. ಮುಚ್ಚಳ ಎತ್ತುತ್ತಾನೆ. ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತಾನೆ. ಬರೀ ಚಡ್ಡಿಯಲ್ಲಿ ಇಳಿಯುತ್ತಾನೆ. ಎದೆಮಟ್ಟದ ಕೊಚ್ಚೆ. ಕಾಲಿನಿಂದ ತಡಕಬೇಕು. ಗಾಜು ಚುಚ್ಚುತ್ತದೆ, ಬ್ಲೇಡು ಕೊಯ್ಯುತ್ತದೆ. ಕಟ್ಟಿಕೊಂಡದ್ದು ಕಾಲಿಗೆ ಸಿಕ್ಕಿದರೆ ಉಸಿರು ಬಿಗಿಹಿಡಿದು ಮುಳುಗಿ ಕೈಯಿಂದ ಎಳೆಯಬೇಕು. ಮೇಲೆ ಬಂದಾಗ ದಿಬ್ಬದ ಯಾರಾದರೂ ದೂರದಲ್ಲಿ ನಿಂತು ಪೈಪಿನಿಂದ ನೀರು ಹಾಯಿಸುತ್ತಾರೆ, ಎಮ್ಮೆ ತೊಳೆದ ಹಾಗೆ. ಬಸ್ಸು ಹತ್ತಿದರೆ ಪಕ್ಕದವರು ಎದ್ದು ಹೋಗುತ್ತಾರೆ. "ಮಂತ್ರಿಗೂ ಒಬ್ಬನಿಗೆ ಎರಡು ಸೀಟು ಸಿಗಲ್ಲ. ನನಗೆ ಸಿಗುತ್ತೆ" ಅನ್ನುತ್ತಿದ್ದ. ದಿಬ್ಬದಲ್ಲಿ ಅವನ ಹೆಸರು ಯಾರಿಗೂ ಬೇಕಿರಲಿಲ್ಲ. "ಏ ಗುಂಡಿ" ಅಂದರೆ ಸಾಕು, ತಿರುಗುತ್ತಿದ್ದ. ಕರೆದರೆ ತಿರುಗುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ದಿಬ್ಬದಾಚೆ ಸಿಮೆಂಟ್ ಫ್ಯಾಕ್ಟರಿ. ಅದರ ಹೊಗೆಯಿಂದ ಲೋಕ ಕಾದು ಬಿಸಿಯಾಗುತ್ತಿದೆ ಅಂತ ದೊಡ್ಡವರು ಕಂಡುಹಿಡಿದರು. ಹೊಗೆಯಲ್ಲಿರುವ ಇಂಗಾಲದ ಗ್ಯಾಸನ್ನು ಹಿಡಿದು, ಅದುಮಿ, ಪೈಪಿನಲ್ಲಿ ಸಾಗಿಸಿ, ತಗ್ಗಿನಾಚೆಯ ಬೀಳು ನೆಲದ ಅಡಿಯಲ್ಲಿ, ಬಂಡೆಯೊಳಗೆ ಹೂಳುತ್ತೇವೆ ಅಂತ ಒಂದು ಕಂಪನಿ ಬಂತು. ಪೈಪು ಮೊದಲು ದಿಬ್ಬದ ಪಾರ್ಕಿನ ಹಿಂದೆ ಹೋಗುವುದಿತ್ತು. ದಿಬ್ಬದವರು ವಕೀಲರನ್ನು ಹಿಡಿದರು. ನಕ್ಷೆಯಲ್ಲಿ ಗೆರೆ ಬಾಗಿತು. ಬಾಗಿದ್ದು ತಗ್ಗಿನ ನಡುಬೀದಿಗೇ ಬಂತು. ಗೆರೆಗೂ ಊರಿನ ಇಳಿಜಾರಿನ ವಾಟ ಗೊತ್ತಿತ್ತು.

ಆಗಲೇ ಒಂದು ದಿನ ಮೇಸ್ತ್ರಿ ಬಂದು, "ಏ ಗುಂಡಿ, ಮೈ ತೊಳ್ಕೊಂಡು ಬಾ. ನಿನ್ನ ಫೋಟೊ ತೆಗೀತಾರಂತೆ" ಅಂದ.

ಅವನು ಗಾಬರಿಯಾದ. ಅವನ ಮನೆಯಲ್ಲಿ ಸತ್ತ ಮೇಲಷ್ಟೇ ಗೋಡೆಗೆ ಫೋಟೊ ಏರುತ್ತಿತ್ತು.

ಕಂಪನಿಯ ಮೇಡಂ ಒಳ್ಳೆಯವರು. ನಗುನಗುತ್ತ ಮಾತಾಡಿಸಿದರು. ನೀವು ಅಂದರು. ಅವನು ಹಿಂದೆ ಯಾರಿದ್ದಾರೆ ಅಂತ ತಿರುಗಿ ನೋಡಿದ. ಒಬ್ಬ ಹುಡುಗಿ ಅವನ ಮುಖಕ್ಕೆ ಪೌಡರ್ ಒತ್ತಿದಳು. ಹಳದಿ ಹೆಲ್ಮೆಟ್ಟು ಕೊಟ್ಟರು, ಮೊಣಕಾಲಿನವರೆಗೆ ಬರುವ ಬೂಟು ಕೊಟ್ಟರು, ಗ್ಲೌಸು ಕೊಟ್ಟರು. ಗ್ಲೌಸು! ಮೇಸ್ತ್ರಿಯ ಹತ್ತಿರ ವರ್ಷಗಟ್ಟಲೆ ಕೇಳಿದ್ದ. ಬರುತ್ತೆ, ಮೇಲಿಂದ ಬರುತ್ತೆ ಅಂತ ಅವನು ಹೇಳುತ್ತಲೇ ಇದ್ದ. ಮೇಲಿಂದ ಬರುತ್ತಿದ್ದದ್ದು ಏನು ಅಂತ ಇವನಿಗೆ ಚೆನ್ನಾಗಿ ಗೊತ್ತಿತ್ತು. ಈಗ ಎರಡೂ ಕೈಗೆ ದಪ್ಪ ರಬ್ಬರು. ಬೆರಳು ಮಡಿಸಿ ನೋಡಿದ, ಬಿಚ್ಚಿ ನೋಡಿದ. ಸಣ್ಣ ಮಗುವಿನ ಹಾಗೆ ನಕ್ಕುಬಿಟ್ಟ. ಕ್ಯಾಮೆರಾ ಆ ನಗುವನ್ನು ಹಿಡಿಯಿತು.

ಮುಗಿದ ಮೇಲೆ ಹೆಲ್ಮೆಟ್ಟು ತೆಗೆದುಕೊಂಡರು. ಬೂಟು ಬಿಚ್ಚಿಸಿಕೊಂಡರು. ಗ್ಲೌಸನ್ನು ಬೆರಳು ಬೆರಳು ಹಿಡಿದು ಎಳೆದುಕೊಂಡರು. "ಬೇರೆ ಊರಲ್ಲೂ ಶೂಟಿಂಗ್ ಇದೆ, ಬೇಜಾರು ಮಾಡ್ಕೋಬೇಡಿ" ಅಂದರು ಮೇಡಂ. ಪೌಡರ್ ಮಾತ್ರ ವಾಪಸು ಕೇಳಲಿಲ್ಲ.

ಸ್ವಲ್ಪ ದಿನಕ್ಕೆ ದೊಡ್ಡ ರಸ್ತೆಯ ಮಗ್ಗುಲಲ್ಲಿ ಬೋರ್ಡು ಎದ್ದಿತು. ಅದರ ತುಂಬ ಅವನ ಮುಖ. ಅವನಿದ್ದ ಮನೆಗಿಂತ ಆ ಮುಖ ದೊಡ್ಡದಿತ್ತು. ಕೆಳಗೆ ಬರೆದಿದ್ದರು: "ಪೈಪು ನನ್ನ ಮನೆ ಮುಂದೆ. ನನಗೆ ಹೆಮ್ಮೆ!" ಅವನು ಅಂಥ ಮಾತು ಆಡಿರಲಿಲ್ಲ. ಹಾಗಂತ ಹೇಳಿಬಿಟ್ಟರೆ ಬೋರ್ಡು ಇಳಿಸಿಯಾರು ಅಂತ ಸುಮ್ಮನಿದ್ದ. ಸುಮ್ಮನಿದ್ದದ್ದಷ್ಟೇ ಅಲ್ಲ, ದಿನಾ ಬೆಳಿಗ್ಗೆ ಸುತ್ತುಬಳಸಿ ಅದೇ ರಸ್ತೆಯಲ್ಲಿ ಕೆಲಸಕ್ಕೆ ಹೋಗತೊಡಗಿದ. ಬೋರ್ಡಿನ ಎದುರಿಗೆ ನಿಂತು ಬೀಡಿ ಹಚ್ಚುತ್ತಿದ್ದ. ದಾರಿಹೋಕರು ಬೋರ್ಡನ್ನೂ ಅವನನ್ನೂ ನೋಡಿ, ಓ ಅಂತ ನಿಲ್ಲಬೇಕು ಅನ್ನುವುದು ಅವನ ಆಸೆ. ಒಬ್ಬ ನಿಂತ. "ಏನಪ್ಪಾ, ಬೆಂಕಿಪಟ್ಟಣ ಇದೆಯಾ?" ಅಂದ. ತೆಗೆದುಕೊಂಡ. ಹೋದ.

ತಗ್ಗಿನವರು ಮಾತ್ರ ಚೆನ್ನಾಗಿಯೇ ಗುರುತಿಸಿದರು. ಅಂದಿನಿಂದ ಅವನ ಹೆಸರು ಬೋರ್ಡಣ್ಣ ಅಂತಾಯಿತು.

"ಆ ನಗು ನನಗೆ ಒಂದು ದಿನಾನೂ ತೋರಿಸಿಲ್ವಲ್ಲ ನೀನು" ಅಂದಳು ಹೆಂಡತಿ. ಅವಳು ದಿಬ್ಬದ ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದಳು.

"ಅದು ಗ್ಲೌಸಿಗೆ ನಕ್ಕಿದ್ದು ಕಣೇ."

"ಹಾಗಾದ್ರೆ ಗ್ಲೌಸನ್ನೇ ಕಟ್ಕೋಬೇಕಿತ್ತು."

ಅತ್ತಿಗೆ ಮಾತ್ರ ಬೋರ್ಡಿನ ಕಡೆ ಹೋಗಲೇ ಇಲ್ಲ. ಅವರ ಮನೆ ಇವನ ಗೋಡೆಗೆ ಅಂಟಿಕೊಂಡೇ ಇತ್ತು. ಇವನ ಅಣ್ಣನೂ ಇದೇ ಕೆಲಸದವನು. ಒಂದು ಮಧ್ಯಾಹ್ನ ದಿಬ್ಬದ ಕ್ಲಬ್ಬಿನ ಹಿಂದಿನ ಗುಂಡಿಗೆ ಇಳಿದ. ಮೇಲೆ ಹಗ್ಗ ಹಿಡಿದವನು ಇವನೇ. ಕೂಗಿಲ್ಲ, ಒದ್ದಾಟವಿಲ್ಲ. ಹಗ್ಗ ಭಾರವಾಯಿತು, ಅಷ್ಟೆ. ಗ್ಯಾಸು. ಹೃದಯಾಘಾತ ಅಂತ ಬರೆದರು. ಅತ್ತಿಗೆಗೆ ಅದೇ ಕ್ಲಬ್ಬಿನ ಕಕ್ಕಸು ತೊಳೆಯುವ ಕೆಲಸ ಕೊಟ್ಟರು. ಪರಿಹಾರ ಅಂದರೆ ಅದು.

ಪೈಪಿನ ಸುದ್ದಿ ಬಂದಾಗಿನಿಂದ ಅತ್ತಿಗೆ ಬೀದಿಯ ನಲ್ಲಿಯ ಹತ್ತಿರ ಹೆಂಗಸರನ್ನು ಸೇರಿಸಿಕೊಂಡು ಮಾತಾಡುತ್ತಿದ್ದರು. ಒಂದು ಸಂಜೆ ಇವನನ್ನೂ ಕರೆದರು.

"ಬಾಪ್ಪಾ, ನೀನು ಕಂಪನಿಯ ಅಳಿಯ. ಆ ಪೈಪಲ್ಲಿ ಏನು ಹೋಗುತ್ತೆ ಹೇಳು."

"ಸೋಡಾದಲ್ಲಿರುತ್ತಲ್ಲ, ಅದೇ ಗ್ಯಾಸು ಅತ್ತಿಗೆ. ಮೇಡಂ ಹೇಳಿದ್ರು. ಕುಡಿದ್ರೆ ತೇಗು ಬರುತ್ತೆ, ಅಷ್ಟೇ."

"ಸೋಡಾ ಬಾಟ್ಲಿಯೊಳಗೆ ನಿನ್ನನ್ನೇ ಹಾಕಿ ಮುಚ್ಚಳ ಬಿಗಿದ್ರೆ? ಆಗಲೂ ತೇಗ್ತೀಯಾ?"

ಹೆಂಗಸರು ನಕ್ಕರು. ಅವನೂ ನಕ್ಕ. ತನ್ನನ್ನು ನೋಡಿ ನಗುವವರ ಜೊತೆ ಸೇರಿಕೊಂಡುಬಿಟ್ಟರೆ ಪೆಟ್ಟು ಕಡಿಮೆ ಅಂತ ಅವನು ಬಹಳ ಹಿಂದೆಯೇ ಕಲಿತಿದ್ದ.

"ಒಡೆದು ಹೊರಗೆ ಬಂದ್ರೆ ಎಲ್ಲಿಗೆ ಹೋಗುತ್ತೆ ಅಂತ ಕೇಳ್ಕೊಂಡು ಬಾ" ಅಂದರು ಅತ್ತಿಗೆ.

ಕೇಳಿದ. ಮೇಡಂ ಖುಷಿಯಿಂದಲೇ ವಿವರಿಸಿದರು. "ಒಡೆಯೋದೇ ಇಲ್ಲ. ಒಡೆದರೂ ಮೇಲಕ್ಕೆ ಹೋಗಲ್ಲ. ಗಾಳಿಗಿಂತ ಭಾರ. ತಗ್ಗಿನ ಜಾಗದಲ್ಲೇ ಕೂತ್ಕೊಳ್ಳುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ."

ತಗ್ಗು ಅಂದರೆ ಇವನ ಓಣಿಯೇ ಅಂತ ಮೇಡಂಗೆ ಹೊಳೆಯಲಿಲ್ಲ. ಇವನಿಗೆ ಹೊಳೆಯಿತು. ಆದರೆ ಅಷ್ಟರಲ್ಲಿ ಅವರು ಅವನ ಅಂಗಿಗೆ ಒಂದು ಬಿಲ್ಲೆ ಚುಚ್ಚುತ್ತಿದ್ದರು. "ಸಮುದಾಯ ಮಿತ್ರ" ಅಂತ ಅದರ ಮೇಲೆ ಬರೆದಿತ್ತು. ಕೊರಳಿಗೊಂದು ಸೀಟಿ ಹಾಕಿದರು, ಕೈಗೊಂದು ಹಸಿರು ಬಾವುಟ ಕೊಟ್ಟರು. ಕೇಳಬೇಕಾದ ಮಾತು ಸೀಟಿಯ ಹಿಂದೆ ಸಿಕ್ಕಿಕೊಂಡಿತು. ಮಂಗನ ಕೈಗೆ ಮಾಣಿಕ್ಯ ಕೊಟ್ಟರೆ ಮೂಸಿಯಾದರೂ ನೋಡುತ್ತದೆ. ಇವನು ಸೀದಾ ಊದಿ ನೋಡಿದ.

ತಗ್ಗಿನ ನಡುವೆ ಒಂದು ಕಂಬ ನೆಟ್ಟು ಸೈರನ್ ಕಟ್ಟಿದರು. ಸೈರನ್ ಕೂಗಿದರೆ ಎಲ್ಲರೂ ಎತ್ತರಕ್ಕೆ ಹೋಗಬೇಕು. ಸೇರುವ ಜಾಗ, ದಿಬ್ಬದ ಪಾರ್ಕು. ಒಂದು ಭಾನುವಾರ ಬೆಳಿಗ್ಗೆ ಅದರ ತಾಲೀಮು ಅಂತಾಯಿತು. ಮುಂದೆ ನಡೆಸುವವನು ಬೋರ್ಡಣ್ಣ.

ಸೈರನ್ ಕೂಗಿತು. ನಾಯಿಗಳೂ ಕೂಗಿದವು. ಅವನು ಸೀಟಿ ಊದಿ ಬಾವುಟ ಎತ್ತಿದ. ಜನ ಹೊರಟರು. ಬಗಲಿಗೆ ಮಗು ಹಾಕಿಕೊಂಡವರು, ಕೋಲೂರಿದವರು, ಒಲೆ ಆರಿಸದೆ ಬಂದವರು. ಸೊಂಟ ಬಿದ್ದ ಮುದುಕಿಯೊಬ್ಬಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತರು. ಏರು ದಾರಿ. ಏದುಸಿರು. ಅವನು ಮಾತ್ರ ಹಿಂದೆ ನೋಡದೆ ಎದೆಯುಬ್ಬಿಸಿ ನಡೆಯುತ್ತಿದ್ದ. ಹಿಂದೆ ಇಷ್ಟು ಜನ ಬರುವುದು ತಾನು ಸತ್ತ ದಿನವಷ್ಟೇ ಅಂದುಕೊಂಡಿದ್ದ. ಬದುಕಿದ್ದಾಗಲೇ ಬಂದರಲ್ಲ ಅಂತ ಅವನಿಗೆ ಹಿಗ್ಗು.

ದಿಬ್ಬದ ಗೇಟು ಮುಚ್ಚಿತ್ತು.

ವಾಚ್‌ಮನ್ ಕಂಬಿಯ ಸಂದಿಯಿಂದ ಇವರನ್ನೆಲ್ಲ ನೋಡಿದ. "ಕೆಲಸದವರು ಹಿಂದಿನ ಗೇಟು" ಅಂದ.

"ಕೆಲಸಕ್ಕಲ್ಲ ಮಾರಾಯ, ತಾಲೀಮು. ಪಾರ್ಕಿಗೆ ಹೋಗ್ಬೇಕು. ಕಂಪನಿ ಹೇಳಿದೆ" ಅಂತ ಇವನು ಬಿಲ್ಲೆ ತೋರಿಸಿದ.

"ನನಗೆ ಯಾರೂ ಹೇಳಿಲ್ಲ."

"ನನ್ನ ಮುಖ ನೋಡು. ರಸ್ತೆಯ ಬೋರ್ಡಲ್ಲಿರೋದು ನಾನೇ."

ವಾಚ್‌ಮನ್ ನೋಡಿದ. "ಅವನು ಬೆಳ್ಳಗಿದಾನಲ್ಲ" ಅಂದ.

ಜೊತೆಗೆ ಬಂದಿದ್ದ ಕಂಪನಿಯ ಮೇಡಂ ಫೋನ್ ಮೇಲೆ ಫೋನ್ ಮಾಡಿದರು. ಕೊನೆಗೆ ದಿಬ್ಬದ ಸಂಘದ ಸೆಕ್ರೆಟರಿ ವಾಕಿಂಗ್ ಬಟ್ಟೆಯಲ್ಲೇ ಬಂದರು. ಅವರೂ ಒಳ್ಳೆಯವರೇ. ದನಿ ಏರಿಸುವವರಲ್ಲ. "ಹೇಗೂ ತಾಲೀಮು ತಾನೆ? ಪಾರ್ಕಿನಲ್ಲಿ ಮಕ್ಕಳು ಆಡ್ತಿದಾರೆ. ಇವರು ಇಲ್ಲೇ ನಿಂತ್ರೂ ಲೆಕ್ಕಕ್ಕೆ ಬಂದ ಹಾಗೇ ಅಲ್ವಾ?" ಅಂದರು. ಮೇಡಂ ಒಂದು ಗಳಿಗೆ ಯೋಚಿಸಿ, ಹೌದು, ಬಂದ ಹಾಗೇ ಅಂದರು. ಮುಚ್ಚಿದ ಗೇಟಿನ ಮುಂದೆ ಎಲ್ಲರನ್ನೂ ನಿಲ್ಲಿಸಿ ಫೋಟೊ ತೆಗೆಸಿದರು. ಮುದುಕಿಯ ಕುರ್ಚಿ ಮುಂದಕ್ಕೆ ಬಂತು. ತಾಲೀಮು ಯಶಸ್ವಿ ಅಂತ ಘೋಷಿಸಿದರು. ಎಲ್ಲರಿಗೂ ಒಂದೊಂದು ಬಿಸ್ಕತ್ ಪೊಟ್ಟಣ. ಕಂಬಿಯಾಚೆ ಒಂದು ಪಮೇರಿಯನ್ ನಾಯಿ ಪಾರ್ಕಿನೊಳಗೆ ಓಡಿಹೋಯಿತು. ಅದನ್ನು ಯಾರೂ ತಡೆಯಲಿಲ್ಲ.

ಅತ್ತಿಗೆ ಬಿಸ್ಕತ್ ತೆಗೆದುಕೊಳ್ಳಲಿಲ್ಲ. ಕಂಬಿ ಹಿಡಿದುಕೊಂಡು ವಾಚ್‌ಮನ್‌ನನ್ನು ಕೇಳಿದರು: "ಅಲ್ಲಪ್ಪಾ, ನಿಜವಾಗ್ಲೂ ಗ್ಯಾಸು ಬಂದಿದ್ರೆ?"

ಅವನೂ ಬಡವನೇ. ಸುಳ್ಳು ಹೇಳಲು ಬಾರದವನು. ತಲೆ ಕೆರೆದುಕೊಂಡು, "ಆಗ್ಲೂ ಫೋನ್ ಮಾಡಿ ಕೇಳ್ಬೇಕಾಗುತ್ತಮ್ಮ" ಅಂದ.

ಇಳಿಜಾರಿನಲ್ಲಿ ವಾಪಸು ಬರುವಾಗ ಯಾರೂ ಬೋರ್ಡಣ್ಣನ ಹಿಂದೆ ಬರಲಿಲ್ಲ. ಎಲ್ಲರೂ ಅವನ ಮುಂದೆ ನಡೆದರು. ಬಾವುಟ ಸುತ್ತಿಕೊಂಡು ಅವನು ಕಡೆಯಲ್ಲಿ ಬಂದ. ಮನೆಗೆ ಬಂದು ಬಿಸ್ಕತ್ತನ್ನು ನೋಡಿದ. ಹಸಿವಾಗಿತ್ತು. ತಿಂದ. ತಿಂದದ್ದಕ್ಕೆ ತನ್ನನ್ನೇ ಬೈದುಕೊಂಡ. ಬೈದುಕೊಳ್ಳುತ್ತ ಇನ್ನೊಂದು ತಿಂದ.

ಆದರೆ ಆ ಗೇಟು ಅವನ ಗಂಟಲಿನಿಂದ ಇಳಿಯಲಿಲ್ಲ.

ಆಮೇಲೆ ಜನರ ಅಹವಾಲು ಸಭೆ. ದಿಬ್ಬದ ದೊಡ್ಡ ಹಾಲಿನಲ್ಲಿ. ವೇದಿಕೆಯ ಮೇಲೆ ಅಧಿಕಾರಿಗಳು, ಕಂಪನಿಯವರು. ಮುಂದೆ ದಿಬ್ಬದವರು ಕುರ್ಚಿಯಲ್ಲಿ. ತಗ್ಗಿನವರು ಹಿಂದೆ, ಚಪ್ಪಲಿ ಬಿಡುವ ಕಡೆ ನಿಂತಿದ್ದರು. ಅತ್ತಿಗೆ ಮಾತಾಡಬೇಕು ಅಂತ ಕೈ ಎತ್ತಿದ್ದರು. ಹೆಸರು ಮೊದಲೇ ಕೊಡಬೇಕಿತ್ತು ಅಂದರು ವೇದಿಕೆಯವರು. ಬೋರ್ಡಣ್ಣನ ಹೆಸರು ಕಂಪನಿಯವರೇ ಕೊಟ್ಟಿದ್ದರು. "ಒಂದೇ ಮಾತು. ನನಗೆ ಹೆಮ್ಮೆ ಇದೆ, ನನಗೆ ಭಯ ಇಲ್ಲ. ಅಷ್ಟು ಹೇಳಿ ಇಳಿದುಬಿಡಿ" ಅಂತ ಮೇಡಂ ಬಾಯಿಪಾಠ ಮಾಡಿಸಿದ್ದರು.

ಅವನು ಬೇರೆಯೇ ನಿರ್ಧಾರ ಮಾಡಿದ್ದ. ಗೇಟಿನ ಸಂಗತಿಯನ್ನು ಎಲ್ಲರ ಮುಂದೆ ಹೇಳಿಬಿಡುವುದು. ಮುಖಕ್ಕೆ ಹೊಡೆದ ಹಾಗೆ ಹೇಳುವುದು. ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಭಾಷಣ ಮಾಡಿದ್ದ. ಅಲ್ಲಿ ಅವನು ಹುಲಿಯಾಗಿದ್ದ. ಸಾಹೇಬರುಗಳು ತಲೆ ತಗ್ಗಿಸಿದ್ದರು. ಅತ್ತಿಗೆ ಕಣ್ಣೊರೆಸಿಕೊಂಡಿದ್ದರು.

ಮೈಕಿನ ಮುಂದೆ ನಿಂತ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತು. ಇಷ್ಟು ಜನ ಮೂಗು ಮುಚ್ಚಿಕೊಳ್ಳದೆ ಅವನನ್ನು ನೋಡಿದ್ದು ಅದೇ ಮೊದಲು.

"ಗೇಟು..." ಅಂದ. ದನಿ ಕಪ್ಪೆಯದಾಗಿತ್ತು. "ಗೇಟು... ತೆಗಿ... ತೆಗೀಬೇಕು..."

ಮುಂದಿನ ಮಾತು ಬರುವ ಮೊದಲೇ ನಿರೂಪಕ ಮೈಕನ್ನು ಮೆಲ್ಲಗೆ ಕಿತ್ತುಕೊಂಡ. "ಎಷ್ಟು ಸೊಗಸಾದ ಮಾತು! ನಮ್ಮ ಕಾರ್ಮಿಕ ಬಂಧು ಪ್ರಗತಿಯ ಹೆಬ್ಬಾಗಿಲು ತೆಗೆಯಬೇಕು ಅಂತ ಮನದಾಳದಿಂದ ಹೇಳಿದಾರೆ. ಅವರಿಗೆ ಜೋರಾದ ಚಪ್ಪಾಳೆ!"

ಚಪ್ಪಾಳೆ ಬಿತ್ತು. ಜೋರಾಗಿಯೇ ಬಿತ್ತು. ಸೆಕ್ರೆಟರಿಯೂ ಹೊಡೆದರು. ಯಾರೋ ಅವನಿಗೆ ಶಾಲು ಹೊದಿಸಿದರು. ಅವನು ಶಾಲು ಹೊದ್ದುಕೊಂಡೇ ಕೆಳಗಿಳಿದ. ಬಂಡಾಯ ಮಾಡಲು ಹೋಗಿ ಸನ್ಮಾನ ಮಾಡಿಸಿಕೊಂಡು ಬಂದವನು ಈ ಭೂಮಿಯ ಮೇಲೆ ತಾನೊಬ್ಬನೇ ಇರಬೇಕು ಅಂದುಕೊಂಡ. ಹಿಂದೆ ನಿಂತಿದ್ದ ಹೆಂಡತಿ ಅವನನ್ನು ನೋಡಲೇ ಇಲ್ಲ. ಶಾಲನ್ನು ನೋಡಿದಳು. "ಒಗೆದ್ರೆ ಬಣ್ಣ ಹೋಗುತ್ತೆ" ಅಂದಳು.

ತಗ್ಗಿನವರು ಒಪ್ಪಿದ್ದಾರೆ ಅಂತ ಅಧಿಕಾರಿಗಳು ಬರೆದುಕೊಂಡು ಹೋದರು.

ಅಂದು ಸಂಜೆ ಅತ್ತಿಗೆಯ ಮನೆ ಬಾಗಿಲಲ್ಲಿ ನಿಂತ. ಒಳಗೆ ಹೋಗಲು ಮುಖವಿರಲಿಲ್ಲ. ಇದ್ದ ಒಂದು ಮುಖ ರಸ್ತೆಯಲ್ಲಿ ನಗುತ್ತಿತ್ತು.

"ಹೇಳ್ಬೇಕು ಅಂತಲೇ ಹೋದೆ ಅತ್ತಿಗೆ. ಬಾಯಿ ಬರಲಿಲ್ಲ."

"ಗೊತ್ತು" ಅಂದರು ಅತ್ತಿಗೆ. ಕಡ್ಡಿಪೊರಕೆ ಬಿಗಿಯುತ್ತಿದ್ದವರು ತಲೆಯೆತ್ತಲಿಲ್ಲ. "ನಮಗೆ ಬಾಯಿ ಎಲ್ಲಿ ಕಲಿಸಿದಾರೆ. ಮೈ ಒಂದನ್ನೇ ಕಲಿಸಿರೋದು. ಹೋಗು, ಉಣ್ಣು."

ಅವರು ಬೈದಿದ್ದರೆ ನಿದ್ದೆ ಬರುತ್ತಿತ್ತು.

ಪೈಪಿಗೆ ಕಾಲುವೆ ತೋಡುವ ಯಂತ್ರ ತಗ್ಗಿನ ಬೀದಿಗೆ ಬಂತು. ಬೀದಿಯ ತುದಿಯಿಂದ ನೆಲ ಸೀಳಿಕೊಂಡು ಬಂತು, ಹೊಸ್ತಿಲುಗಳಿಗೆ ಮೊಳ ದೂರದಲ್ಲಿ. ನಲ್ಲಿಯ ಕಟ್ಟೆ ಕಿತ್ತುಬಂತು. ಮನೆಯಿಂದ ಹೊರಗೆ ಬರಲು ಹಲಗೆ ಹಾಕಿಕೊಂಡರು. ಆಳುದ್ದದ ಕಾಲುವೆ, ಬುಡದಲ್ಲಿ ಕೆಸರು. ಮೇಸ್ತ್ರಿ ಬೋರ್ಡಣ್ಣನನ್ನೂ ಅವನ ಜೊತೆಯವರನ್ನೂ ಅಲ್ಲಿಗೇ ಹಾಕಿದ್ದ. ಯಂತ್ರ ತೋಡಿದ ಮೇಲೆ ಉಳಿದ ಕಲ್ಲನ್ನು ಎತ್ತಿ ಹಾಕುವುದು ಅವರ ಕೆಲಸ. ಅವನು ತನ್ನ ಮನೆಯ ಮುಂದಿನ ನೆಲವನ್ನೇ ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ಹಾಕಿದ. ಕೂಲಿಗೆ ಇಷ್ಟು ಹತ್ತಿರದ ಕೆಲಸ ಎಂದೂ ಸಿಕ್ಕಿರಲಿಲ್ಲ. ಬಸ್ಸಿಗೂ ಕಾಯಬೇಕಿರಲಿಲ್ಲ.

ಯಂತ್ರ ಅತ್ತಿಗೆಯ ಹೊಸ್ತಿಲಿಗೆ ಬಂದ ದಿನ ಅವರು ಹೊರಗೆ ಬಂದರು. ಸೆರಗು ಸಿಕ್ಕಿಸಿದರು. ಹಲಗೆ ದಾಟಲಿಲ್ಲ. ಅದರ ಪಕ್ಕದಲ್ಲಿ ಕುಳಿತು, ಕಾಲು ಇಳಿಬಿಟ್ಟು, ಜಾರಿ, ಕಾಲುವೆಯ ಬುಡದಲ್ಲಿ ಕೂತರು. ಯಂತ್ರದ ಬಾಯಿ ಅವರ ತಲೆಯ ಮೇಲೆ ನಿಂತಿತು. ಆಮೇಲೆ ನಲ್ಲಿಯ ಹತ್ತಿರದ ಹೆಂಗಸರು ಒಬ್ಬೊಬ್ಬರೇ ಇಳಿದರು. ಕುರ್ಚಿಯ ಮುದುಕಿಯನ್ನೂ ಇಳಿಸಿದರು. ಇವನ ಹೆಂಡತಿಯೂ ಇಳಿದಳು, ಇವನ ಕಡೆ ನೋಡದೆ.

ಇವನು ಬುಟ್ಟಿ ಹಿಡಿದು ಮೇಲೆ ನಿಂತಿದ್ದ. ತಾನು ಮೇಲೆ, ಬೇರೆಯವರು ಕೆಳಗೆ. ಜೀವನದಲ್ಲಿ ಒಂದು ಸಲ ಅಂಥ ಸುಯೋಗ. ಎಷ್ಟು ನಾಚಿಕೆಯಾಯಿತೆಂದರೆ ಬುಟ್ಟಿಯನ್ನು ತಲೆಯ ಮೇಲೆ ಕವುಚಿಕೊಳ್ಳೋಣ ಅನ್ನಿಸಿತು.

ಮೇಸ್ತ್ರಿ ಓಡಿಬಂದ. ಮೇಡಂ ಬಂದರು. ಪೊಲೀಸರ ಜೀಪು ಬಂತು. ಎಲ್ಲರೂ ಅಂಚಿನಲ್ಲಿ ನಿಂತು ಕೆಳಗೆ ನೋಡಿದರು. ಕೆಸರಿಗೆ ಇಳಿಯುವವರು ಯಾರು? ಮೇಸ್ತ್ರಿಯ ಕಣ್ಣು ಇವನ ಮೇಲೆ ಬಿತ್ತು.

"ಏ ಗುಂಡಿ! ನಿಂತ್ಕೊಂಡು ನೋಡ್ತೀಯಲ್ಲೋ. ನಿನ್ನ ಹೆಂಗಸರು ತಾನೆ? ಇಳಿ. ಇಳಿದು ಎತ್ತಿ ಹಾಕು."

"ನಾನಾ?"

"ಇನ್ಯಾರು, ನಾನಾ? ಗುಂಡಿಗಿಳಿಯೋಕೇ ತಾನೆ ನೀನಿರೋದು. ಇಳಿಯೋ!"

ಅವನು ಇಳಿದ. ಎಂದಿನ ಹಾಗೇ ಇಳಿದ. ಅಂಗಿ ಬಿಚ್ಚಿ ಅಂಚಿನಲ್ಲಿಟ್ಟ, ಬಿಲ್ಲೆಯ ಸಮೇತ. ಅಂಗೈ ಊರಿ ಮೈ ಇಳಿಬಿಟ್ಟ. ಪಾದ ಕೆಸರು ತಟ್ಟಿತು. ಅವನ ಮೈಗೆ ಈ ಕೆಲಸ ಗೊತ್ತಿತ್ತು. ಅವನನ್ನು ಕೇಳುವ ಅಗತ್ಯವೇ ಇರಲಿಲ್ಲ. ಅತ್ತಿಗೆಯ ಎದುರು ಬಂದು ನಿಂತ. ಅವರು ಕತ್ತೆತ್ತಿ ಅವನನ್ನು ನೋಡಿದರು. ಸ್ವಲ್ಪ ಪಕ್ಕಕ್ಕೆ ಸರಿದರು, ಅಷ್ಟೆ.

ಅವನು ಕೂತ.

"ಏಯ್! ಏನ್ ಮಾಡ್ತಿದೀಯಾ?" ಮೇಸ್ತ್ರಿ ಕಿರುಚಿದ.

"ಇಳಿ ಅಂದ್ರಿ. ಇಳಿದೆ."

"ಎತ್ತೋ ಅವರನ್ನ! ಹತ್ತಿ ಬಾ ಮೇಲೆ!"

"ಅದು ಆಗಲ್ಲ."

ಇಷ್ಟೇ ಮಾತು. ಮೈಕಿರಲಿಲ್ಲ. ನಾಲಿಗೆ ಒಣಗಲೂ ಇಲ್ಲ. ಅವನಿಗೇ ಆಶ್ಚರ್ಯವಾಯಿತು. ಬಾಯಿ ಬರಬೇಕಾದರೆ ತನ್ನಂಥವನು ಗುಂಡಿಯಲ್ಲೇ ಇರಬೇಕೋ ಏನೋ ಅಂದುಕೊಂಡ.

"ಕೆಲಸ ಹೋಗುತ್ತೆ ನೋಡು!"

"ಎಲ್ಲಿಗೆ ಹೋಗುತ್ತೆ? ನೀವು ಮಾಡ್ತೀರಾ ಅದನ್ನ?"

ಅಂಚಿನಲ್ಲಿದ್ದ ಅವನ ಜೊತೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಬುಟ್ಟಿ ಕೆಳಗಿಟ್ಟ. ಇನ್ನೊಬ್ಬನೂ ಇಟ್ಟ. ಕಾಲುವೆಯಲ್ಲಿ ಜಾಗ ಇಕ್ಕಟ್ಟಾಯಿತು.

ಮೇಡಂ ಅಂಚಿಗೆ ಬಂದು ಬಗ್ಗಿದರು. ಅವರ ದನಿಯಲ್ಲಿ ನಿಜವಾಗಿಯೂ ನೋವಿತ್ತು. "ನೀವೇ ಹೀಗೆ ಮಾಡಿದ್ರೆ ಹೇಗೆ? ನಿಮ್ಮನ್ನ ನಂಬಿದ್ದೆ ನಾನು. ನಿಮಗೆ ಭಯ ಇಲ್ಲ ಅಂದಿದ್ರಲ್ಲ."

"ಭಯ ಇದೆ ಮೇಡಂ. ತುಂಬಾ ಇದೆ. ಹಗ್ಗ ಹಿಡಿದಿದೀನಿ ನಾನು. ನಮ್ಮಣ್ಣ ಕೂಗಲೇ ಇಲ್ಲ."

ಅವರಿಗೆ ಅರ್ಥವಾಗಲಿಲ್ಲ. ಅತ್ತಿಗೆಗೆ ಆಯಿತು. ಅವರು ಅವನ ಮೊಣಕೈ ಹಿಡಿದುಕೊಂಡರು. ಅಣ್ಣ ಹೋದಾಗಿನಿಂದ ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಪೊಲೀಸರಿಗೆ ಎತ್ತಿಹಾಕಿ ಅಂತ ಆಜ್ಞೆಯಾಯಿತು. ಹೆಂಗಸರನ್ನು ಹೆಂಗಸು ಪೊಲೀಸರು ಎತ್ತಿದರು, ಬೈಯುತ್ತ, ಜಾರುತ್ತ. ಬೋರ್ಡಣ್ಣನ ಸರದಿ ಬಂತು. ಕೈಕಾಲಿಗೆ ಕೆಸರು, ಮೈಗೆ ವರ್ಷಗಟ್ಟಲೆ ಹತ್ತಿದ ವಾಸನೆ. ನಾಲ್ಕು ಜನ ಪೊಲೀಸರು ಸುತ್ತ ನಿಂತರು. ನೀನು ಹಿಡಿ, ನೀನು ಹಿಡಿ ಅಂತ ಅವರವರಲ್ಲೇ ಶುರುವಾಯಿತು. ಒಬ್ಬ ಲಾಠಿಯ ತುದಿಯಿಂದ ತಿವಿದು ನೋಡಿದ, ಸತ್ತಿದೆಯೋ ಬದುಕಿದೆಯೋ ಅನ್ನುವ ಹಾಗೆ. ಯಾರೂ ಮುಟ್ಟಲಿಲ್ಲ. ಬಿಸಿಲು ಏರಿತು. ಇವನು ಕೂತೇ ಇದ್ದ. ಹುಟ್ಟಿದಂದಿನಿಂದ ಜನ ಅವನ ಮೇಲೆ ಸುರಿದ ಅಸಹ್ಯ ಮೊದಲ ಸಲ ಅವನ ಉಪಯೋಗಕ್ಕೆ ಬಂತು. ಕೋಟೆಯ ಹಾಗೆ ಸುತ್ತ ನಿಂತಿತು.

ಕೊನೆಗೆ ಜೀಪಿನಲ್ಲಿ ಒಂದು ಡಬ್ಬ ಬಂತು. ಗ್ಲೌಸು. ಹೊಸ ಗ್ಲೌಸು. ಅವನಿಗಲ್ಲ, ಅವನನ್ನು ಮುಟ್ಟುವವರಿಗೆ.

ಅವನಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಅದು ನಗುವೋ ಅಳುವೋ ಯಾರಿಗೂ ತಿಳಿಯಲಿಲ್ಲ, ಅವನಿಗೂ. ನಾಲ್ಕು ಜನ ಕೈಕಾಲು ಹಿಡಿದು ಎತ್ತಿದರು. "ನಿಧಾನ ಸ್ವಾಮಿ, ನಿಧಾನ. ಗುಂಡಿಯಿಂದ ನನ್ನನ್ನ ಇನ್ನೊಬ್ಬರು ಎತ್ತಿದ್ದು ಇದೇ ಮೊದಲು. ಅಭ್ಯಾಸ ಇಲ್ಲ" ಅಂದ. ಒಬ್ಬ ಪೊಲೀಸಿನವನು ನಕ್ಕ. ಅದಕ್ಕೇ ಇರಬೇಕು, ತೋಳು ಹಿಡಿದಿದ್ದವನು ಬೇಕಂತಲೇ ಕೈಬಿಟ್ಟ. ಭುಜದ ಮೂಳೆ ಬಿರುಕು ಬಿಟ್ಟಿತು.

ಸಂಜೆ ಠಾಣೆಯಿಂದ ಎಲ್ಲರನ್ನೂ ಬಿಟ್ಟರು. ಮೇಸ್ತ್ರಿ ಅವನ ಹೆಸರು ಹೊಡೆದುಹಾಕಿದ್ದ. ಹೆಂಡತಿಗೆ ದಿಬ್ಬದ ಎರಡು ಮನೆಗಳಲ್ಲಿ ನಾಳೆಯಿಂದ ಬರಬೇಡ ಅಂದಿದ್ದರು. ಮನೆಗೆ ಬಂದು ಅವಳು ಅವನ ಭುಜಕ್ಕೆ ಆ ಸನ್ಮಾನದ ಶಾಲನ್ನೇ ಹರಿದು ಕಟ್ಟಿದಳು. "ಇಷ್ಟಕ್ಕಾದ್ರೂ ಆಯ್ತು" ಅಂದಳು. ಕಟ್ಟುವಾಗ ಅವಳ ಕೈ ಮೆತ್ತಗಿತ್ತು. ಮದುವೆಯಾದಂದಿನಿಂದ ಅಷ್ಟು ಮೆತ್ತಗಿನ ಕೈ ಅವನು ಕಂಡಿರಲಿಲ್ಲ. ಇನ್ನೊಂದು ಭುಜವೂ ಮುರಿದಿದ್ದರೆ ಅಂತ ಒಂದು ಗಳಿಗೆ ಅನ್ನಿಸಿತು.

ಬೆಳಗಾದರೆ ಎಲ್ಲರೂ ಮತ್ತೆ ಕಾಲುವೆಯಲ್ಲಿ. ಅದರ ಮಾರನೇ ದಿನವೂ. ಜೊತೆಯವರು ದಿಬ್ಬದ ಗುಂಡಿಗಳಿಗೆ ಇಳಿಯುವುದನ್ನು ಬಿಟ್ಟರು. ಯಾರೂ ಘೋಷಣೆ ಕೂಗಲಿಲ್ಲ. ಕರೆ ಬಂದರೆ, "ಇಳಿದೇ ಇದೀವಿ, ಇಲ್ಲಿ" ಅನ್ನುತ್ತಿದ್ದರು. ಬೇರೆ ಕಡೆಯಿಂದ ಆಳುಗಳನ್ನು ತರಿಸಿದರು. ಆ ಆಳುಗಳು ತಗ್ಗಿನ ದಾರಿಯಲ್ಲೇ ಬರಬೇಕಿತ್ತು. ಬಂದರು, ನೋಡಿದರು, ಅತ್ತಿಗೆಯ ಹತ್ತಿರ ನೀರು ಕುಡಿದರು, ವಾಪಸು ಹೋದರು. ದಿಬ್ಬದ ಕ್ಲಬ್ಬಿನ ಹಿಂದೆ ಗುಂಡಿ ಉಕ್ಕಿತು. ಪಾರ್ಕಿನ ಹುಲ್ಲಿನ ಮೇಲೆ ಹರಿಯಿತು. ದಿಬ್ಬದವರದ್ದು ದಿಬ್ಬದಲ್ಲೇ ಉಳಿಯತೊಡಗಿತು.

ಒಂದು ಮಧ್ಯಾಹ್ನ ಸೆಕ್ರೆಟರಿಯೂ ಮೇಡಮ್ಮೂ ತಗ್ಗಿಗೆ ಬಂದರು. ಸೆಕ್ರೆಟರಿ ಮೂಗಿಗೆ ಕರ್ಚೀಫು ಹಿಡಿದಿದ್ದರು. ಕಂಪನಿ ಕೆಲಸ ನಿಲ್ಲಿಸಿದೆ, ಮತ್ತೆ ಸಭೆ ಕರೆಯುತ್ತಾರೆ, ಈ ಸಲ ತಗ್ಗಿನಲ್ಲೇ, ಯಾರು ಬೇಕಾದರೂ ಮಾತಾಡಬಹುದು ಅಂದರು ಮೇಡಂ. ಪೈಪು ಬಿಟ್ಟುಬಿಡುತ್ತೇವೆ ಅಂತ ಅನ್ನಲಿಲ್ಲ. ನಿಲ್ಲಿಸಿದೆ ಅಂದರು. ಆ ಎರಡು ಮಾತಿನ ನಡುವಿನ ಅಂತರ ತಗ್ಗಿನವರಿಗೆಲ್ಲ ಕೇಳಿಸಿತು.

"ಮೇಲೆ ಬನ್ನಿ, ಕೂತು ಮಾತಾಡೋಣ" ಅಂದರು ಸೆಕ್ರೆಟರಿ.

"ಕೂತೇ ಇದೀವಲ್ಲ" ಅಂದರು ಅತ್ತಿಗೆ. "ನೀವೇ ಬನ್ನಿ. ಜಾಗ ಇದೆ."

ಬೋರ್ಡಣ್ಣ ಸರಿದು ಜಾಗ ಮಾಡಿದ. ಕಟ್ಟಿದ ತೋಳು, ಮೊಣಕಾಲವರೆಗೆ ಕೆಸರು. ತಾನು ಇನ್ನೊಬ್ಬರನ್ನು ಕೂರಿ ಅಂತ ಕರೆಯುವ 'ಮನೆ' ಇದೊಂದೇ ಅಂತ ಅನ್ನಿಸಿ ಒಳಗೊಳಗೇ ನಕ್ಕ. ಸೆಕ್ರೆಟರಿ ವಾಚು ನೋಡಿಕೊಂಡರು. ಮೇಡಂ ಕೆಸರು ನೋಡಿದರು, ತಮ್ಮ ಸೀರೆಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಅಂಚಿನ ಮೇಲೆ ಕೂತು, ಕಾಲೆರಡನ್ನೂ ಕಾಲುವೆಯೊಳಗೆ ಇಳಿಬಿಟ್ಟರು. ಅಲ್ಲಿಗೇ ನಿಂತರು.

"ಅರ್ಧ ಇಳಿದ್ರು ಅತ್ತಿಗೆ" ಅಂದ ಅವನು ಮೆಲ್ಲಗೆ.

ಅತ್ತಿಗೆ ಆ ಬೆಳ್ಳನೆಯ ಪಾದಗಳನ್ನು ನೋಡಿದರು.

"ಇಳೀಲಿ" ಅಂದರು. "ನಮಗೇನು ಅವಸರ."